ಚೆಂಡು ಹಂಚುವ ಹುಡುಗ

ಬೆಳ್ಳಟ್ಟಿಯ ಮಾಸ್ತರು ಬಾಸ್ಕೆಟ್‌ಬಾಲ್ ಬಗ್ಗೆ ಬರೆಯತೊಡಗಿದ್ದಾರೆಂದರೆ ನನ್ನ ಹಳೆಯ ವಿದ್ಯಾರ್ಥಿಗಳಿಗೆ ನಗು ಬಂದೀತು. ನಾನು ಕಲಿಸಿದ್ದು ಕನ್ನಡ. ನಮ್ಮ ಶಾಲೆಯ ಮೈದಾನದಲ್ಲಿ ಇದ್ದವು ಖೋ ಖೋ, ಕಬಡ್ಡಿ ಮತ್ತು ಎರಡು ಕಂಬಗಳ ನಡುವೆ ಕಟ್ಟಿದ ಹರಕು ವಾಲಿಬಾಲ್ ಬಲೆ. ಬಾಸ್ಕೆಟ್‌ಬಾಲ್ ಅಂಗಣವನ್ನು ನಮ್ಮ ಮಕ್ಕಳು ಪಠ್ಯಪುಸ್ತಕದ ಚಿತ್ರದಲ್ಲಷ್ಟೇ ಕಂಡಿದ್ದರು. ಆದರೂ ಈ ಆಟದ ಬಗ್ಗೆ ನಾಲ್ಕು ಮಾತು ಬರೆಯುವ ಆಸೆ ಬಹಳ ದಿನಗಳಿಂದ ಇದೆ. ಕಾರಣ ನಮ್ಮ ಊರಿನವನೇ ಆದ ಒಬ್ಬ ಹುಡುಗ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವನಿಗೆ ಅದು ಸೇರದು. ಅವನ ಸಹಪಾಠಿಗಳು ಓದಿದ ಕೂಡಲೇ ಗುರುತಿಸುತ್ತಾರೆ, ಅಷ್ಟು ಸಾಕು.

ಮೊದಲು ಆಟದ ಪರಿಚಯವನ್ನು ಸ್ವಲ್ಪ ಮಾಡಿಕೊಡುತ್ತೇನೆ, ನನ್ನಂತೆ ಅದನ್ನು ಅರಿಯದ ಬಂಧುಗಳಿಗಾಗಿ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ದೈಹಿಕ ಶಿಕ್ಷಕರು, ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಿಸಲೆಂದು, ಪೀಚ್ ಹಣ್ಣಿನ ಬುಟ್ಟಿಗಳನ್ನು ಗೋಡೆಗೆ ಕಟ್ಟಿ ಈ ಆಟವನ್ನು ಆರಂಭಿಸಿದರು. ಆಗ ಪಕ್ಷಕ್ಕೆ ಒಂಬತ್ತು ಜನ, ನಮ್ಮ ಖೋ ಖೋದಂತೆಯೇ. ಈಗ ಐವರು. ಭಾರತಕ್ಕೆ ಅದನ್ನು ತಂದವರು ವೈ.ಎಂ.ಸಿ.ಎ.ಯವರು, ಮದರಾಸಿನಲ್ಲಿ 1920ರಲ್ಲಿ ಹ್ಯಾರಿ ಬಕ್ ಅವರು ಕಟ್ಟಿದ ದೈಹಿಕ ಶಿಕ್ಷಣ ಕಾಲೇಜಿನಿಂದ ಹೊರಬಂದ ಶಿಕ್ಷಕರು ಇಂಥ ಆಟಗಳನ್ನು ಊರೂರಿಗೆ ಒಯ್ದರು. 28 ಮೀಟರು ಉದ್ದ, 15 ಮೀಟರು ಅಗಲದ ಅಂಗಣ. ಎರಡೂ ತುದಿಗಳಲ್ಲಿ ನೆಲದಿಂದ 3.05 ಮೀಟರು ಎತ್ತರದಲ್ಲಿ ಕಬ್ಬಿಣದ ಬಳೆ. ಎತ್ತರದ ಮೈಕಟ್ಟಿನವರಿಗೆ ಹೇಳಿ ಮಾಡಿಸಿದ ಆಟ ಎಂದು ಯಾರಿಗಾದರೂ ಅನ್ನಿಸುತ್ತದೆ.

ಐವರಲ್ಲಿ ಒಬ್ಬನನ್ನು ಪಾಯಿಂಟ್ ಗಾರ್ಡ್ ಎನ್ನುತ್ತಾರೆ. ಸಾಮಾನ್ಯವಾಗಿ ತಂಡದಲ್ಲಿ ಅತಿ ಗಿಡ್ಡನಾದವನು ಅವನೇ. ತನ್ನ ಕಡೆಯಿಂದ ಚೆಂಡನ್ನು ಪುಟಿಸುತ್ತ ಎದುರಾಳಿಗಳ ಕಡೆಗೆ ಒಯ್ಯುವುದು, ಯಾರು ಎಲ್ಲಿ ನಿಲ್ಲಬೇಕೆಂದು ಹೇಳುವುದು, ಯಾರಿಗೆ ಯಾವ ಕ್ಷಣದಲ್ಲಿ ಚೆಂಡು ಸೇರಬೇಕೋ ಆ ಕ್ಷಣದಲ್ಲಿ ಸೇರಿಸುವುದು ಅವನ ಕೆಲಸ. ಕಾಲದ ಕಟ್ಟುಪಾಡು ಬಹಳ. 2000ದಲ್ಲಿ ಬದಲಾದ ಅಂತಾರಾಷ್ಟ್ರೀಯ ನಿಯಮಗಳ ಪ್ರಕಾರ ಎಂಟು ಸೆಕೆಂಡಿನೊಳಗೆ ಚೆಂಡು ನಡುಗೆರೆಯನ್ನು ದಾಟಬೇಕು, ಇಪ್ಪತ್ನಾಲ್ಕು ಸೆಕೆಂಡಿನೊಳಗೆ ಬಳೆಯತ್ತ ಎಸೆತ ಆಗಬೇಕು. ಇಲ್ಲವಾದರೆ ಚೆಂಡು ಎದುರಾಳಿಯ ಪಾಲು. ಈ ಗಡಿಯಾರ ಬಡಿಯುತ್ತಿರುವಾಗ ಗಾಬರಿಯಾಗದೆ ಯೋಚಿಸಬಲ್ಲವನೊಬ್ಬ ಬೇಕು.

ನಮ್ಮ ಹುಡುಗ ಶಾಲೆಯಲ್ಲಿ ಖೋ ಖೋ ಆಟಗಾರ. ಬೆನ್ನಟ್ಟುವ ಸರದಿಯಲ್ಲಿ ಎಂಟು ಜನ ಸಾಲಾಗಿ ಕುಳಿತಿರುತ್ತಾರಷ್ಟೆ. ಓಡುವವನು ತಾನೇ ಮುಟ್ಟಬೇಕೆಂಬ ಹಟಕ್ಕೆ ಬಿದ್ದರೆ ಎದುರಾಳಿ ಪಾರಾಗುತ್ತಾನೆ. ಇವನು ತಾನು ಮುಟ್ಟಿದ್ದು ಕಡಿಮೆ. ಆದರೆ ಯಾರ ಬೆನ್ನಿಗೆ ಯಾವಾಗ ‘ಖೋ’ ಕೊಡಬೇಕೆಂಬುದು ಅವನಿಗೆ ತಿಳಿಯುತ್ತಿತ್ತು. 2002ರಲ್ಲಿ ಅವನು ಧಾರವಾಡದ ಒಂದು ಕಾಲೇಜಿಗೆ ಬಿ.ಎ. ಓದಲು ಸೇರಿದ. ಎತ್ತರ ಐದು ಅಡಿ ನಾಲ್ಕು ಅಂಗುಲ. ಅಲ್ಲಿಯ ದೈಹಿಕ ಶಿಕ್ಷಣ ನಿರ್ದೇಶಕರು ಅವನ ಓಟವನ್ನು ನೋಡಿ, ಅದಕ್ಕಿಂತ ಹೆಚ್ಚಾಗಿ ಓಡುತ್ತಲೇ ಎರಡೂ ಪಕ್ಕವನ್ನು ಗಮನಿಸುವ ಅವನ ಕಣ್ಣನ್ನು ನೋಡಿ, ಕೈಗೆ ಬಾಸ್ಕೆಟ್‌ಬಾಲ್ ಕೊಟ್ಟರಂತೆ. ಮೊದಲ ಆರು ತಿಂಗಳು ಬೆಳಗಿನ ಐದೂವರೆಗೆ ಎದ್ದು ಸಿಮೆಂಟಿನ ಅಂಗಣದಲ್ಲಿ ಎಡಗೈಯಿಂದ ಚೆಂಡು ಪುಟಿಸುವುದನ್ನಷ್ಟೇ ಕಲಿತನೆಂದು ಆ ಮೇಲೆ ಹೇಳಿದ.

ಎರಡನೆಯ ವರ್ಷಕ್ಕೆ ಅವನು ತಂಡದ ಪಾಯಿಂಟ್ ಗಾರ್ಡ್. ಉಳಿದ ನಾಲ್ವರೂ ಹಿರಿಯರು, ಪಟ್ಟಣದಲ್ಲಿ ಬೆಳೆದವರು, ಆರಡಿಯ ಆಸುಪಾಸಿನವರು. ಅವರಿಗೆ ಈ ಹಳ್ಳಿಯ ಹುಡುಗ ಅಪ್ಪಣೆ ಕೊಡಬೇಕು! ಅವನು ಅದಕ್ಕೆ ಕಂಡುಕೊಂಡ ದಾರಿ ಬಲು ಸೊಗಸಾಗಿತ್ತು. ಆಟದ ಮಧ್ಯೆಯೂ ಅವನು ಹಿರಿಯರನ್ನು ಬಹುವಚನದಲ್ಲಿಯೇ ಕೂಗುತ್ತಿದ್ದ: “ಎಡಕ್ಕ ಬರ್ರಿ ಅಣ್ಣಾ!”, “ನಿಂದರ್ರಿ, ಈಗ ಹೋಗ್ರಿ!” ಮೊದಮೊದಲು ಅವರು ನಕ್ಕರು, ಅಣಕಿಸಿದರು. ಕ್ರಮೇಣ ಆ ‘ರಿ’ ಎಂಬ ಅಕ್ಷರವೇ ತಂಡದ ಸಂಕೇತವಾಯಿತು. ಅದು ಕಿವಿಗೆ ಬಿತ್ತೆಂದರೆ ಚೆಂಡು ಬರುತ್ತಿದೆ ಎಂದು ಅರ್ಥ.

ಊರಿನ ಪರಿಸ್ಥಿತಿ ಮಾತ್ರ ಬೇರೆಯಿತ್ತು. 2001ರಿಂದ ಮೂರು ವರ್ಷ ಸತತವಾಗಿ ನಾಡಿಗೆಲ್ಲ ಬರ ಬಿದ್ದದ್ದು ನಿಮಗೆ ನೆನಪಿರಬಹುದು. ಶಿರಹಟ್ಟಿ ತಾಲೂಕಿನ ಹೊಲಗಳಲ್ಲಿ ಶೇಂಗಾ ಬಿತ್ತಿದವರಿಗೆ ಬೀಜದ ಖರ್ಚೂ ಮರಳಲಿಲ್ಲ. ಹುಡುಗನ ತಂದೆ ನಾಲ್ಕೆಕರೆಯ ಒಕ್ಕಲಿಗರು. ಮಗನನ್ನು ಕಾಲೇಜು ಬಿಡಿಸಿ ಮನೆಗೆ ಕರೆತರುವ ವಿಚಾರ ಅವರಿಗೆ ಬಂದಿತ್ತು. ಓದಲೆಂದು ಕಳಿಸಿದರೆ ಚೆಂಡಾಡುತ್ತ ಕುಳಿತಿದ್ದಾನೆ ಎಂಬ ಮಾತು ಬೇರೆ ಅವರ ಕಿವಿಗೆ ಬಿದ್ದಿತ್ತು. ಒಂದು ಸಂಜೆ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಕೇಳಿದರು: “ಮಾಸ್ತರ, ಅಷ್ಟ ಆಡ್ತಾನಂತಾರಲ್ರಿ, ಎಷ್ಟ ಗೋಲ ಹಾಕ್ಯಾನಂತ?”

ನಾನು ಹುಡುಗನನ್ನು ವಿಚಾರಿಸಿ ತಿಳಿದುಕೊಂಡಿದ್ದೆ. ಹಿಂದಿನ ಪಂದ್ಯದಲ್ಲಿ ಅವನು ಗಳಿಸಿದ್ದು ಎರಡು ಅಂಕ. ಇದ್ದದ್ದನ್ನು ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಎರಡ ಗೋಲಿಗೆ ಹಾಸ್ಟೆಲ್ ಫೀ ಕಟ್ಟಾಕತ್ತೀನೇನ್ರಿ?” ಎಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಲೆಕ್ಕವಿತ್ತು. ಬರಗಾಲದ ಮನೆಯಲ್ಲಿ ಅಂಥ ಲೆಕ್ಕ ಕೇಳುವ ಹಕ್ಕು ತಂದೆಗೆ ಇದ್ದೇ ಇದೆ. “ಒಂದು ಸಲ ಕಣ್ಣಾರೆ ನೋಡಿ ಬರೋಣ, ಆಮೇಲೆ ನಿಮ್ಮ ಇಷ್ಟ” ಎಂದು ಒಪ್ಪಿಸಿದೆ.

2004ರ ಜನವರಿಯಲ್ಲಿ, ಸಂಕ್ರಾಂತಿಯಾಗಿ ಕೆಲವು ದಿನಗಳಿಗೆ, ನಾವಿಬ್ಬರೂ ಲಕ್ಷ್ಮೇಶ್ವರಕ್ಕೆ ಬಂದು, ಅಲ್ಲಿಂದ ಹುಬ್ಬಳ್ಳಿಯ ಬಸ್ಸು ಹಿಡಿದು ಧಾರವಾಡ ಸೇರಿದೆವು. ಅಂತರ ಕಾಲೇಜು ಪಂದ್ಯ. ಹತ್ತು ಹತ್ತು ನಿಮಿಷಗಳ ನಾಲ್ಕು ಪಾಳಿ. ನಾನು ಡೈರಿಯ ಹಿಂಬದಿಯ ಪುಟದಲ್ಲಿ, ಇವನ ಕೈಯಿಂದ ಹೋದ ಚೆಂಡು ಬಳೆಯೊಳಗೆ ಬಿದ್ದಾಗಲೆಲ್ಲ ಒಂದೊಂದು ಗೀಟು ಎಳೆಯುತ್ತ ಕುಳಿತೆ. ಮೂರನೆಯ ಪಾಳಿಯ ನಡುವಿಗೆ ನಮ್ಮವರು 41, ಎದುರಾಳಿಗಳು 30. ನೋಡುವವರ ಕಣ್ಣೆಲ್ಲ ಎತ್ತರದ ಹುಡುಗರ ಮೇಲೆ, ಚಪ್ಪಾಳೆಯೂ ಅವರಿಗೇ.

ಅಷ್ಟರಲ್ಲಿ ನಮ್ಮ ಹುಡುಗನಿಗೆ ನಾಲ್ಕನೆಯ ಫೌಲ್ ಆಯಿತು. ಐದಾದರೆ ಪಂದ್ಯದಿಂದಲೇ ಹೊರಗೆ. ಆದ್ದರಿಂದ ತರಬೇತುದಾರರು ಅವನನ್ನು ಹೊರಗೆ ಕೂಡಿಸಿದರು. ಮುಂದಿನ ಆರು ನಿಮಿಷ ನಡೆದದ್ದನ್ನು ನಾನು ಮರೆಯಲಾರೆ. ಅದೇ ನಾಲ್ವರು, ಅದೇ ಎತ್ತರ, ಅದೇ ಗುರಿ. ಆದರೆ ಚೆಂಡು ಅವರಿಗೆ ಬರಬೇಕಾದಲ್ಲಿ ಬರಲಿಲ್ಲ, ಬರಬೇಕಾದಾಗ ಬರಲಿಲ್ಲ. ಎರಡು ಸಲ ಎಂಟು ಸೆಕೆಂಡಿನೊಳಗೆ ನಡುಗೆರೆಯನ್ನೇ ದಾಟಲಾಗದೆ ಚೆಂಡನ್ನು ಕಳೆದುಕೊಂಡರು. ಒಬ್ಬರ ಮೇಲೊಬ್ಬರು ರೇಗತೊಡಗಿದರು. ಎದುರಾಳಿಗಳು 17 ಅಂಕ ಗಳಿಸಿದರು, ನಮ್ಮವರು ನಾಲ್ಕು. 45–47.

ತಂದೆ ಅಂಗಣವನ್ನು ನೋಡುವುದನ್ನು ಬಿಟ್ಟು ಬೆಂಚಿನ ಮೇಲಿದ್ದ ಮಗನನ್ನೇ ನೋಡುತ್ತಿದ್ದರು. “ಇವನ್ನ ಯಾಕ ಕೂಡಿಸ್ಯಾರ್ರಿ? ಇವ ಇಲ್ಲಂದ್ರ ಅವ್ರಿಗೆ ದಿಕ್ಕ ತಪ್ಪೇತಲ್ಲ!” ಎಂದರು. ಅಂಕದ ಪ್ರಶ್ನೆಯನ್ನು ಅವರು ಮತ್ತೆ ಕೇಳಲಿಲ್ಲ.

ಎಂಟು ನಿಮಿಷ ಉಳಿದಿರುವಾಗ ಅವನು ಮರಳಿ ಒಳಗೆ ಬಂದ. ಮೊದಲ ಮೂರು ಸಲ ಅವನು ಅವಸರ ಮಾಡಲೇ ಇಲ್ಲ. ನಡುಗೆರೆ ದಾಟಿ, ಒಂದು ಕ್ಷಣ ಚೆಂಡನ್ನು ಪುಟಿಸುತ್ತ ನಿಂತು, ಒಬ್ಬೊಬ್ಬರನ್ನೂ ಅವರವರ ಜಾಗಕ್ಕೆ ಕಳಿಸಿದ. ಸಿಟ್ಟಿಗೆದ್ದಿದ್ದ ಹಿರಿಯನಿಗೇ ಮೊದಲ ಚೆಂಡು ಕೊಟ್ಟ. ಅದು ಬಳೆಯೊಳಗೆ ಬಿತ್ತು. ಆ ಹುಡುಗನ ಮುಖ ತಿಳಿಯಾಯಿತು. ಆಟ ಸಮಸಮಕ್ಕೆ ಬಂತು. ಕೊನೆಯ ಇಪ್ಪತ್ತು ಸೆಕೆಂಡು, ನಮ್ಮವರು 60, ಅವರು 61, ಚೆಂಡು ಇವನ ಕೈಯಲ್ಲಿ. ಇಬ್ಬರು ಇವನ ಮೇಲೆ ಎರಗಿದರು. ಇಬ್ಬರು ಇವನ ಮೇಲೆ ಬಂದರೆ ಮತ್ತೊಬ್ಬ ಎಲ್ಲೋ ತೆರವಾಗಿದ್ದಾನೆಂದೇ ಅರ್ಥ. ‘ರಿ’ ಎಂಬ ಕೂಗು ಕೇಳಿಸಿತು. ಇಬ್ಬರ ನಡುವೆ ನೆಲಕ್ಕೆ ಒಂದು ಪುಟ ಕೊಟ್ಟು ಚೆಂಡು ಬಳೆಯ ಕೆಳಗೆ ನಿಂತಿದ್ದ ಹಿರಿಯನ ಕೈ ಸೇರಿತು. ಅವನು ಎಸೆದ. ಚೆಂಡು ಬಳೆಯ ಅಂಚಿನ ಮೇಲೆ ಸುತ್ತಿ ಹೊರಗೆ ಬಿತ್ತು.

ಒಂದು ಅಂಕದಿಂದ ಸೋತರು. ನಮ್ಮ ಹುಡುಗ ಓಡಿ ಹೋಗಿ, ತಲೆ ತಗ್ಗಿಸಿ ನಿಂತಿದ್ದ ಆ ಹಿರಿಯನ ಬೆನ್ನ ಮೇಲೆ ಕೈಯಿಟ್ಟ. ನನ್ನ ಡೈರಿಯಲ್ಲಿ ಹನ್ನೊಂದು ಗೀಟುಗಳಿದ್ದವು. ಮೇಜಿನ ಬಳಿಯ ಅಂಕಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಇದ್ದದ್ದು ನಾಲ್ಕು ಅಂಕ, ನಾಲ್ಕು ಫೌಲು. ಆ ಅಧಿಕೃತ ಪಟ್ಟಿಯಲ್ಲಿ ಚೆಂಡು ಹಂಚಿದ್ದಕ್ಕೆ ಅಂಕಣವೇ ಇಲ್ಲ. ಲೆಕ್ಕ ಇಡುವ ದೊಡ್ಡ ಪಂದ್ಯಾವಳಿಗಳಲ್ಲಿ ಅದನ್ನು ಅಸಿಸ್ಟ್ ಎನ್ನುತ್ತಾರೆ. ಅಲ್ಲಿಯೂ ಚೆಂಡು ಬಳೆಯೊಳಗೆ ಬಿದ್ದರಷ್ಟೇ ಎಣಿಕೆ. ಆ ದಿನದ ಅತ್ಯುತ್ತಮ ಪಾಸು ಯಾವ ಲೆಕ್ಕಕ್ಕೂ ಸೇರಲಿಲ್ಲ.

ಮರಳುವಾಗ ಬಸ್ಸಿನಲ್ಲಿ ತಂದೆ ಕಿಟಕಿಯಾಚೆಗಿನ ಒಣ ಹೊಲಗಳನ್ನು ನೋಡುತ್ತ ಹೇಳಿದ ಮಾತನ್ನು ಅವರ ಬಾಯಲ್ಲೇ ಕೇಳಿ: “ಕೂರಿಗಿ ಬಟ್ಟಲದಾಗ ಕಾಳ ಬಿಡಾವ್ರ ಕೈ ಇದ್ದಂಗ ಐತ್ರಿ ಇವನ ಕೆಲಸ. ಎತ್ತ ದುಡಿತಾವು, ಕೂರಿಗಿ ಹಿಡದಾಂವ ದುಡಿತಾನ. ಆದ್ರ ಆ ಕೈ ತಪ್ಪಿತಂದ್ರ ಒಂದ ಸಾಲ ದಟ್ಟ, ಒಂದ ಸಾಲ ಖಾಲಿ.” ನಗರದಲ್ಲಿರುವ ಮೊಮ್ಮಕ್ಕಳಿಗಾಗಿ ವಿವರಿಸುತ್ತೇನೆ: ಕೂರಿಗೆಯ ಮೇಲೆ ಒಂದು ಬಟ್ಟಲು, ಅದರಿಂದ ಕೆಳಗಿನ ತಾಳುಗಳಿಗೆ ಕೊಳವೆಗಳು. ನಾಲ್ಕು ತಾಳಿನ ಕೂರಿಗೆಯಾದರೆ ನಾಲ್ಕು ಸಾಲಿಗೂ ಬೀಜ ಸಮನಾಗಿ ಬೀಳುವಂತೆ ಮುಷ್ಟಿಯಿಂದ ಕಾಳು ಬಿಡುತ್ತ ಒಬ್ಬರು ನಡೆಯಬೇಕು. ಅವರ ಕೈಯ ಹದ ಗೊತ್ತಾಗುವುದು ಬೆಳೆ ಮೊಳೆತ ಮೇಲೆ.

“ಕಡೀ ಚೆಂಡು ಬೀಳಬೇಕಿತ್ತು” ಎಂದೆ ನಾನು. ಅವರು ತಲೆಯಾಡಿಸಿದರು. “ಕಾಳ ಸರಿಯಾಗೇ ಬಿತ್ರಿ ಮಾಸ್ತರ. ಮಳಿ ಬರಲಿಲ್ಲ, ಅಷ್ಟ.” ಮೂರು ವರ್ಷದ ಬರವನ್ನುಂಡ ಮನುಷ್ಯನ ಮಾತದು. ಹುಡುಗನ ಕಾಲೇಜು ನಿಲ್ಲಲಿಲ್ಲ. ಹಾಸ್ಟೆಲ್ ಫೀಗಾಗಿ ಅವರು ಒಂದು ಎತ್ತನ್ನು ಮಾರಿದರೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ.

ಆ ಮೇಲೆ ನಾನು ಈ ಆಟದ ಸುದ್ದಿಯನ್ನು ಕಂಡಲ್ಲೆಲ್ಲ ಓದತೊಡಗಿದೆ. ಅಮೆರಿಕದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದ ತಂಡದಲ್ಲಿ 1983ರಿಂದ 1987ರವರೆಗೆ ಮಗ್ಸಿ ಬೋಗ್ಸ್ ಎಂಬ ಪಾಯಿಂಟ್ ಗಾರ್ಡ್ ಇದ್ದರು. ಎತ್ತರ ಐದು ಅಡಿ ಮೂರು ಅಂಗುಲ, ನಮ್ಮ ಹುಡುಗನಿಗಿಂತಲೂ ಒಂದು ಅಂಗುಲ ಕಡಿಮೆ! ಆ ವಿಶ್ವವಿದ್ಯಾಲಯವು ಅವರ 14ನೆಯ ಸಂಖ್ಯೆಯ ಅಂಗಿಯನ್ನು ಬೇರೆ ಯಾರಿಗೂ ಕೊಡದೆ ಗೌರವಿಸಿದೆ. ಕೆನಡಾದ ಸ್ಟೀವ್ ನ್ಯಾಶ್‌ಗೆ ಅಮೆರಿಕದಲ್ಲಿ ವಿದ್ಯಾರ್ಥಿವೇತನ ಕೊಡಲು ಮುಂದೆ ಬಂದದ್ದು ಸಾಂಟಾ ಕ್ಲಾರಾ ಎಂಬ ಒಂದೇ ಒಂದು ಕಾಲೇಜು. 1993ರಲ್ಲಿ, ಮೊದಲ ವರ್ಷದ ವಿದ್ಯಾರ್ಥಿಯಾಗಿದ್ದಾಗಲೇ, ಬಲಾಢ್ಯ ಅರಿಜೋನಾ ತಂಡವನ್ನು 64–61ರಿಂದ ಸೋಲಿಸಿದ ಪಂದ್ಯದ ಕೊನೆಯ ಅರ್ಧ ನಿಮಿಷದಲ್ಲಿ ಅವರು ಸಾಲಾಗಿ ಆರು ಫ್ರೀ ಥ್ರೋಗಳನ್ನು ಹಾಕಿದರು. ಮುಂದೆ ಎನ್.ಬಿ.ಎ.ಯಲ್ಲಿ ಅವರು ಕೊಟ್ಟ ಅಸಿಸ್ಟ್‌ಗಳು 10,335.

ನಮ್ಮ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿಯೂ ಇಂಥದೊಂದು ಪಾಠ ನಡೆಯಿತು. 2019ರ ಸೆಪ್ಟೆಂಬರಿನಲ್ಲಿ ಅಲ್ಲಿ ನಡೆದ ಮಹಿಳಾ ಏಷ್ಯಾ ಕಪ್ಪಿನ ಅಂತಿಮ ಪಂದ್ಯದಲ್ಲಿ ಜಪಾನಿನವರು ತಮಗಿಂತ ಬಹಳ ಎತ್ತರದ ಚೀನೀಯರನ್ನು 71–68ರಿಂದ ಸೋಲಿಸಿದರು. ಎರಡು ವರ್ಷಗಳ ನಂತರ, 2021ರ ಆಗಸ್ಟಿನಲ್ಲಿ, ಟೋಕಿಯೊ ಒಲಿಂಪಿಕ್ಸ್‌ನ ಸೆಮಿಫೈನಲ್‌ನಲ್ಲಿ ಫ್ರಾನ್ಸಿನ ವಿರುದ್ಧ ಜಪಾನಿನ ರುಯಿ ಮಾಚಿದಾ ಒಂದೇ ಪಂದ್ಯದಲ್ಲಿ 18 ಅಸಿಸ್ಟ್ ಕೊಟ್ಟು ಒಲಿಂಪಿಕ್ಸ್ ದಾಖಲೆ ಮಾಡಿದರು. ಆಕೆಯ ಎತ್ತರ 162 ಸೆಂಟಿಮೀಟರು. ಆ ಸಲ ಜಪಾನಿಗೆ ಬೆಳ್ಳಿಯ ಪದಕ ಬಂತು. ಆ ಸುದ್ದಿ ಓದಿದ ರಾತ್ರಿ ನಮ್ಮ ಹುಡುಗ ನನಗೆ ಫೋನ್ ಮಾಡಿ, ಹತ್ತು ನಿಮಿಷ ಬೇರೆ ಏನನ್ನೂ ಮಾತನಾಡಲಿಲ್ಲ.

ಹುಡುಗ ಎಂದು ಬರೆಯುತ್ತಿದ್ದೇನೆ. ಅವನಿಗೆ ಈಗ ನಲವತ್ತು ದಾಟಿದೆ. ಒಂದು ಸರಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕ. ತಂದೆ ತೀರಿಕೊಂಡು ಕೆಲವು ವರ್ಷಗಳಾದವು. ಕಳೆದ ಬೇಸಿಗೆಯಲ್ಲಿ ಬಂದಾಗ ತನ್ನ ಶಾಲೆಯ ತಂಡದ ಲೆಕ್ಕದ ವಹಿಯನ್ನು ತೋರಿಸಿದ. ಅಂಕ, ಫೌಲು ಎಂಬ ಮಾಮೂಲಿ ಅಂಕಣಗಳ ಪಕ್ಕದಲ್ಲಿ ಅವನೇ ಸ್ಕೇಲು ಹಿಡಿದು ಗೆರೆ ಎಳೆದು ಮಾಡಿದ ಇನ್ನೊಂದು ಅಂಕಣವಿತ್ತು. ಅದರ ತಲೆಯ ಮೇಲೆ ‘ಕಾಳು’ ಎಂದು ಬರೆದಿತ್ತು. ಚೆಂಡು ಬಳೆಯೊಳಗೆ ಬೀಳಲಿ, ಬಿಡಲಿ, ಸರಿಯಾದ ಪಾಸು ಕೊಟ್ಟ ಮಗುವಿಗೆ ಅಲ್ಲಿ ಒಂದು ಗೀಟು.