ಆಯಮ್ಮನ ಕೈಗೆ ನೂರು ರೂಪಾಯಿ

ಈ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಅಧ್ಯಾಪಕರು ಹೇಳಿದಾಗ ದೊಡ್ಡ ದೊಡ್ಡ ವಿಷಯಗಳೇ ಮನಸ್ಸಿಗೆ ಬಂದುವು. ಆದರೆ ಲೇಖನಿ ಹಿಡಿದು ಕುಳಿತ ಮೇಲೆ ಕಣ್ಣ ಮುಂದೆ ನಿಂತದ್ದು ನಾಲ್ಕು ಮಡಿಕೆ ಮಾಡಿದ ಒಂದು ನೂರು ರೂಪಾಯಿ ನೋಟು ಮಾತ್ರ. ವಾಚಕರು ಕ್ಷಮಿಸಬೇಕು, ಆ ನೋಟಿನ ಸಂಗತಿಯನ್ನೇ ಹೇಳುತ್ತೇನೆ.

ನಮ್ಮ ಮಕ್ಕಳನ್ನು ನೋಡಿಕೊಳ್ಳುವವರಿಗೆ, ಅವರಿಗೆ ಬರುವ ಸಂಬಳವಲ್ಲದೆ, ನಾವೂ ಕೈಯಲ್ಲಿ ಏನಾದರೂ ಇಡಬೇಕೇ ಬೇಡವೇ? ಪ್ರಶ್ನೆ ಇಷ್ಟೇ. ಚಳ್ಳಕೆರೆಯ ಹೋಟಲಿನಲ್ಲಿ ದೋಸೆ ತಿಂದು, ಸೋಂಪಿನ ತಟ್ಟೆಯಲ್ಲಿ ಬಂದ ಚಿಲ್ಲರೆಯನ್ನು ಮಾಣಿಗೆಂದು ಬಿಟ್ಟು ಏಳುವವರು ಇಷ್ಟೆಲ್ಲ ಯೋಚಿಸುವುದಿಲ್ಲ. ಎಣ್ಣೆಯ ಮಿಲ್ಲಿನ ಮುಂದೆ ಶೇಂಗಾ ಮೂಟೆ ಇಳಿಸುವ ಹಮಾಲಿಯಂತೂ ಚಹಕ್ಕೆ ಕಾಸು ಎಂದು ಬಾಯಿಬಿಟ್ಟು ಕೇಳಿಯೇ ಪಡೆಯುತ್ತಾನೆ. ಕೂಸನ್ನು ಎತ್ತಿಕೊಂಡ ಕೈಗೆ ದುಡ್ಡು ಇಡುವಾಗ ಮಾತ್ರ ಕೊಡುವವರೂ ತಡೆಯುತ್ತಾರೆ, ತೆಗೆದುಕೊಳ್ಳುವವರೂ ತಡೆಯುತ್ತಾರೆ. ಸಮುದ್ರದ ಮೇಲೆ ವಿಹಾರಕ್ಕೆ ಹೋಗುವ ದೊಡ್ಡ ಹಡಗುಗಳಲ್ಲಿ ಮಕ್ಕಳನ್ನು ಆಡಿಸುವುದಕ್ಕೆಂದೇ ಬೇರೆ ಕೊಠಡಿಗಳೂ ಬೇರೆ ಜನರೂ ಇರುತ್ತಾರಂತೆ. ಅಲ್ಲಿನ ಅನೇಕ ಕಂಪನಿಗಳು ಸೇವಕರ ಭಕ್ಷೀಸನ್ನು ದಿನಕ್ಕಿಷ್ಟು ಎಂದು ಪ್ರಯಾಣಿಕರ ಲೆಕ್ಕಕ್ಕೇ ಸೇರಿಸಿಬಿಡುತ್ತವೆ. ಆದರೂ ಮಕ್ಕಳನ್ನು ಆಡಿಸಿದವರಿಗೆ ಬೇರೆಯಾಗಿ ಕೊಡಬೇಕೋ ಏನೋ ಎಂದು ತಾಯಿತಂದೆಯರು ಒಬ್ಬರನ್ನೊಬ್ಬರು ಕೇಳುತ್ತಾರೆ. ಹಡಗನ್ನು ನಾನು ಕಂಡಿಲ್ಲ. ನಾನು ಕಂಡದ್ದು ನಮ್ಮೂರಿನ ಅಂಗನವಾಡಿ.

ನಮ್ಮಮ್ಮ ಮೊಳಕಾಲ್ಮೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಂಗನವಾಡಿ ಸಹಾಯಕಿ. ಮಕ್ಕಳ ಬಾಯಲ್ಲಿ 'ಆಯಮ್ಮ'. ಬೀಗ ತೆಗೆಯುವುದು, ಕಸ ಗುಡಿಸುವುದು, ನೀರು ತುಂಬುವುದು, ಮನೆಮನೆಗೆ ಹೋಗಿ ಅಳುವ ಮಕ್ಕಳನ್ನು ಕಂಕುಳಲ್ಲಿ ಇಟ್ಟುಕೊಂಡು ಬರುವುದು, ಒಲೆ ಹಚ್ಚುವುದು, ಚಡ್ಡಿ ಒದ್ದೆ ಮಾಡಿಕೊಂಡವರನ್ನು ತೊಳೆಯುವುದು, ಇವೆಲ್ಲ ಅವಳ ಪಾಲು. 2013ರಲ್ಲಿ ಕ್ಷೀರಭಾಗ್ಯ ಬಂದ ಮೇಲೆ ಹಾಲಿನ ಪುಡಿ ಕದಡುವುದು ಸೇರಿತು. 2017ರಲ್ಲಿ ಮಾತೃಪೂರ್ಣ ಬಂದ ಮೇಲೆ ಬಸುರಿ ಬಾಣಂತಿಯರ ಊಟವೂ ಸೇರಿತು.

ಈ ಅಂಗನವಾಡಿಗಳ ಯೋಜನೆ ದೇಶದಲ್ಲಿ ಆರಂಭವಾದದ್ದು 1975ರ ಅಕ್ಟೋಬರ್ 2ರಂದು. ನಮ್ಮ ರಾಜ್ಯದಲ್ಲಿ ಮೊದಲು ಟಿ. ನರಸೀಪುರದಲ್ಲಿ. ಆರಂಭದಿಂದಲೂ ಅಲ್ಲಿ ದುಡಿಯುವವರಿಗೆ ಕೊಡುವ ಹಣಕ್ಕೆ ಸಂಬಳವೆಂಬ ಹೆಸರಿಲ್ಲ, 'ಗೌರವಧನ' ಎಂದು ಹೆಸರು. 2018ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಸಹಾಯಕಿಯ ಗೌರವಧನವನ್ನು ತಿಂಗಳಿಗೆ 1,500ರಿಂದ 2,250 ರೂಪಾಯಿಗೆ ಏರಿಸಿತು. ರಾಜ್ಯ ಸರ್ಕಾರ ಅದರ ಮೇಲೆ ತನ್ನ ಪಾಲು ಸೇರಿಸುತ್ತದೆ. ಇವರೂ ನೌಕರರೇ, ಇವರಿಗೂ ಗ್ರ್ಯಾಚುಯಿಟಿ ಸಲ್ಲಬೇಕು ಎಂದು ಸುಪ್ರೀಂ ಕೋರ್ಟು ಹೇಳಿದ್ದು 2022ರ ಏಪ್ರಿಲ್ 25ರಂದು. ಎಣಿಸಿ ನೋಡಿ, ನಲವತ್ತಾರು ವರ್ಷ ಹಿಡಿಯಿತು. ಗೌರವ ಹೆಚ್ಚಾದಲ್ಲಿ ಧನ ಕಡಿಮೆ ಎಂಬುದು ನಮ್ಮ ಮನೆಯಲ್ಲಿ ಹಳೆಯ ತಮಾಷೆ.

ಇನ್ನು ನೋಟಿನ ವಿಷಯ. ನಮ್ಮ ಕೇರಿಯಲ್ಲಿ ರೇಷ್ಮೆ ಸೀರೆಯ ಮಗ್ಗಗಳುಂಟು. ಗಂಡ ಮಗ್ಗದಲ್ಲಿ ಕುಳಿತರೆ ಹೆಂಡತಿ ಪಕ್ಕದಲ್ಲಿ ಕಂಡಿಕೆ ಸುತ್ತುತ್ತಾಳೆ. ನೂಲಿನ ನಡುವೆ ಕೂಸು ಹೊಕ್ಕರೆ ಒಂದು ದಿನದ ಕೆಲಸ ಹಾಳು. ಆದ್ದರಿಂದ ಅಂಥ ಮನೆಯವರಿಗೆ ಅಂಗನವಾಡಿ ಎಂದರೆ ಅಕ್ಷರ ಕಲಿಯುವ ಜಾಗವಲ್ಲ, ಮಗ್ಗ ನಡೆಯಬೇಕಾದರೆ ಬೇಕಾದ ಜಾಗ. ಅಂಥ ಒಬ್ಬಾಕೆಯ ಹಿರಿಯ ಮಗ ಒಂದನೆಯ ತರಗತಿಗೆ ಹೊರಟ ದಿನ, ಅವಳು ತಟ್ಟೆಯಲ್ಲಿ ತೆಂಗಿನಕಾಯಿ, ಎಲೆ ಅಡಿಕೆ, ರವಿಕೆ ಕಣ ಇಟ್ಟುಕೊಂಡು ಅಮ್ಮನ ಹತ್ತಿರ ಬಂದಳು. ಕಣದ ಕೆಳಗೆ ಆ ನೋಟು. ಅಮ್ಮ ಕಾಯಿಯನ್ನೂ ಕಣವನ್ನೂ ಕಣ್ಣಿಗೆ ಒತ್ತಿಕೊಂಡು ತೆಗೆದುಕೊಂಡಳು. ನೋಟನ್ನು ಮಾತ್ರ ಅವಳ ಸೆರಗಿಗೇ ಕಟ್ಟಿ ಕಳುಹಿಸಿದಳು.

ಆ ವಾರ ನನಗೆ ಪರೀಕ್ಷೆಯ ಶುಲ್ಕ ಕಟ್ಟಬೇಕಾಗಿತ್ತು. ನಾನು ಸುಮ್ಮನಿರಲಿಲ್ಲ. ಕೇಳದೆ ಬಂದದ್ದನ್ನು ಬೇಡವೆನ್ನಲು ನಾವೇನು ಜಮೀನ್ದಾರರೇ ಎಂದು ಕೂಗಾಡಿದೆ. ಅಮ್ಮ ಹೇಳಿದ್ದು ಇಷ್ಟು: "ಆಕೆ ಸಣ್ಣ ಮಗ ಇನ್ನೂ ನನ್ ತಾವೇ ಐತೆ ಕಣವ್ವ. ಇವತ್ತು ಇಸ್ಕಂಡ್ರೆ ನಾಳೆ ಸೌಟು ಹಿಡ್ದ ಕೈ ಸುಮ್ಕಿರ್ತೈತಾ? ಆ ಹುಡುಗನ್ ತಟ್ಟೆ ಕಡೀಗೇ ವಾಲ್ತೈತೆ. ಕೊಡಾಕಾಗ್ದೋರ ಮಕ್ಳು ನೋಡ್ತಾ ಕುಂತಿರ್ತವೆ."

ಮಾತು ಸರಿಯೆನಿಸಿತು, ಸಿಟ್ಟು ಇಳಿಯಲಿಲ್ಲ. ಶುಲ್ಕಕ್ಕೆ ಅಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತೆಗೆದಳು.

ನ್ಯಾಯ ಇಷ್ಟಕ್ಕೇ ತೀರಿದ್ದರೆ ಈ ಲೇಖನ ಬರೆಯುತ್ತಲೇ ಇರಲಿಲ್ಲ. ಅದಾದ ಒಂದೆರಡು ತಿಂಗಳಿಗೆ ಕುರಿ ಕಾಯುವ ಮನೆಯ ಒಬ್ಬ ಅಜ್ಜಿ ಬಂದಳು. ಮಗ ಸೊಸೆ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿದ್ದಾರೆ, ಮೊಮ್ಮಗ ಇವಳ ಪಾಲಿಗೆ. ಮಡಿಲಿನಿಂದ ಹಸಿ ಶೇಂಗಾ ಸುರಿದು, ಅದರ ಮೇಲೆ ಹತ್ತು ರೂಪಾಯಿಯ ಒಂದು ಬಿಲ್ಲೆ ಇಟ್ಟು, "ತಗಾ ತಾಯಿ, ಎಲೆ ಅಡಿಕೆಗಾತು" ಎಂದಳು. ಅಮ್ಮ ತುಟಿಪಿಟಕ್ಕೆನ್ನದೆ ಬಿಲ್ಲೆಯನ್ನು ಸೊಂಟಕ್ಕೆ ಸಿಕ್ಕಿಸಿದಳು! ಆ ಮೊಮ್ಮಗನೂ ಇನ್ನೂ ಅಂಗನವಾಡಿಯಲ್ಲೇ ಇದ್ದ. ಮನೆಗೆ ಬಂದ ಮೇಲೆ ಇದ್ಯಾವ ನ್ಯಾಯ ಎಂದು ಕೇಳಿದೆ. "ಬ್ಯಾಡ ಅಂದಿದ್ರೆ ಮುದುಕಿ ನಾಳಿಂದ ಹುಡುಗನ್ನ ಕಳಿಸ್ತಿರ್ಲಿಲ್ಲ. ಋಣ ಇಟ್ಕಳಾ ಜನ ಅಲ್ಲ ಅವ್ರು" ಎಂದಳು. ಹಾಗಾದರೆ ಸೀರೆ ನೇಯುವವಳಿಗೆ ಮಾತ್ರ ಋಣದ ಭಾರ ಇಲ್ಲವೇ ಎಂದೆ. ಅದಕ್ಕೆ ಅಮ್ಮ ಉತ್ತರ ಕೊಡಲಿಲ್ಲ. ಒಲೆಗೆ ಸೌದೆ ನೂಕಿದಳು.

ಈ ತೊಡಕು ಅಮ್ಮನೊಬ್ಬಳದಲ್ಲ. ಹಿಂದೆ ಮೈಸೂರು ಸೀಮೆಯ ಕೂಲಿಮಠಗಳಲ್ಲಿ ಅಯ್ಯನವರು ಮಹಾನವಮಿಯ ದಿನಗಳಲ್ಲಿ ಮಕ್ಕಳನ್ನು ಮನೆಮನೆಗೆ ಕರೆದುಕೊಂಡು ಹೋಗಿ ಚೌಪದ ಹಾಡಿಸುತ್ತಿದ್ದರು. ಅಯ್ಯನವರಿಗೆ ಹಣ, ಮಕ್ಕಳಿಗೆ ಪುರಿ ಬೆಲ್ಲ ಸಿಗುತ್ತಿತ್ತು. ಅಲ್ಲಿ ಕೊಡುವುದೂ ಹಬ್ಬ, ಪಡೆಯುವುದೂ ಹಬ್ಬ. ಊರೆಲ್ಲ ನೋಡುತ್ತಿರುವಾಗ ಪಡೆದದ್ದರಲ್ಲಿ ನಾಚಿಕೆಯಿಲ್ಲ. ಆದರೆ ಏನೂ ಇಲ್ಲದ ಮನೆಯ ಮುಂದೆಯೂ ಆ ಮಕ್ಕಳು ಹಾಡಿರಬೇಕಲ್ಲ. ಆ ಮನೆಯ ಹುಡುಗನೂ ಆ ಗುಂಪಿನಲ್ಲೇ ಇದ್ದಿರಬೇಕಲ್ಲ.

ಕಳೆದ ವರ್ಷ ಇತಿಹಾಸದ ಅಧ್ಯಾಪಕರು ನಮ್ಮನ್ನು ಸಿದ್ದಾಪುರದ ಬಳಿಯ ಬ್ರಹ್ಮಗಿರಿಗೆ ಕರೆದುಕೊಂಡು ಹೋಗಿದ್ದರು. ಬಿ. ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನಗಳಲ್ಲಿ ಒಂದು ಅಲ್ಲಿದೆ. ತಾಯಿತಂದೆಯರಿಗೆ ವಿಧೇಯರಾಗಿರಿ, ಪ್ರಾಣಿಗಳಲ್ಲಿ ದಯೆಯಿರಲಿ, ಶಿಷ್ಯನು ಆಚಾರ್ಯನನ್ನು ಗೌರವಿಸಲಿ ಎಂದು ಅದರ ತಾತ್ಪರ್ಯ. ಕೆತ್ತಿದ ಲಿಪಿಕಾರ ಚಪಡ ತನ್ನ ಹೆಸರನ್ನೂ ಬಿಟ್ಟುಹೋಗಿದ್ದಾನೆ. ಗೌರವಿಸಲಿ ಎಂದು ಬರೆದ ಪುಣ್ಯಾತ್ಮ ಕೈಯಲ್ಲಿ ಏನಿಡಬೇಕೆಂದು ಬರೆಯಲಿಲ್ಲ! ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ 'ಮಾಡಿದಷ್ಟು ನೀಡು ಭಿಕ್ಷೆ' ಎಂಬ ಮಾತು ಇದಕ್ಕಿಂತ ನೇರವಾಗಿದೆ. ಮಾಡಿದಷ್ಟು ಎಂದರೆ ಎಷ್ಟು ಎಂದು ಅಳೆಯಹೊರಟರೆ ಮಾತ್ರ ನಮ್ಮಮ್ಮನ ವಿಷಯದಲ್ಲಿ ನೂರು ರೂಪಾಯಿ ಯಾವ ಮೂಲೆಗೂ ಸಾಲದು. ಅದನ್ನು ಕೊಡಬೇಕಾದದ್ದು ಕಂಡಿಕೆ ಸುತ್ತುವವಳೂ ಅಲ್ಲ. ತಿಂಗಳ ಹಣ ಹೊಟ್ಟೆಗೆ ಸಾಲುವಷ್ಟು ಇದ್ದಿದ್ದರೆ ಆ ನೋಟು ಬರಿಯ ಪ್ರೀತಿಯ ನೋಟಾಗಿರುತ್ತಿತ್ತು, ನಾನೂ ಕೂಗಾಡುತ್ತಿರಲಿಲ್ಲ.

ಈ ಜೂನಿನಲ್ಲಿ ನೇಯ್ಗೆಯವಳ ಕಿರಿಯ ಮಗನೂ ಶಾಲೆಗೆ ಹೊರಟ. ಅವಳು ಮತ್ತೆ ಬಂದಳು. ಈ ಸಲ ತಟ್ಟೆಯಿಲ್ಲ, ಕಣವಿಲ್ಲ. "ಈಗ ನನ್ ಮಕ್ಳು ಯಾರೂ ನಿನ್ ತಾವ ಇಲ್ಲ ಆಯಮ್ಮ, ಈಗಾನಾ ಇಸ್ಕ" ಎಂದು ನೋಟನ್ನು ಅಮ್ಮನ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು. ಅಮ್ಮ ನನ್ನ ಮುಖ ನೋಡಿ ನಕ್ಕಳು, ಇಸಕೊಂಡಳು.

ಆ ನೋಟು ಏನಾಯಿತೆಂದು ವಾಚಕರು ಕೇಳಬಹುದು. ಅಂಗನವಾಡಿಯ ಕುಕ್ಕರಿನ ರಬ್ಬರು ಬಹಳ ದಿನಗಳಿಂದ ಸೀಳಿತ್ತು. ಅರ್ಜಿ ಹೋಗಿತ್ತು, ರಬ್ಬರು ಬಂದಿರಲಿಲ್ಲ. ಅಮ್ಮ ಮರುದಿನವೇ ಮೊಳಕಾಲ್ಮೂರಿಗೆ ಹೋಗಿ ಹೊಸದು ತಂದಳು. ಉಳಿದ ಚಿಲ್ಲರೆಗೆ ಎರಡು ಬಾಳೆಹಣ್ಣು ಬಂದಿತ್ತು. ಒಂದು ನನಗೆ ಕೊಟ್ಟಳು.