ಒಂಬತ್ತರ ಸಾಕ್ಷಿ

ಅಂಗಡಿ ನಡೆಸುವ ಮನೆಗಳಲ್ಲಿ ನಗದು ಶಿಲ್ಕು ತಾಳೆಯಾಗದ ದಿನ, ಹೊತ್ತು ಮುಳುಗುವ ಮೊದಲೇ ಊಟ ಮುಗಿದಿದ್ದರೂ, ನಿದ್ದೆ ಹತ್ತುವುದಿಲ್ಲ. ಕಿರ್ದಿ ಒಂದು ಹೇಳುತ್ತದೆ, ಗಲ್ಲಾ ಇನ್ನೊಂದು ಹೇಳುತ್ತದೆ. ಗಲ್ಲಾದಲ್ಲಿ ಕಡಿಮೆ ಬಿದ್ದರೆ ಮೊದಲ ಸಂಶಯ ಕೆಲಸದ ಹುಡುಗನ ಮೇಲೆಯೇ.

ಮಡಗಾಂವದ ನಮ್ಮ ಅಂಗಡಿಯಲ್ಲಿ ಒಮ್ಮೆ 450 ರೂಪಾಯಿ ಕಡಿಮೆ ಬಂತು. ಅಂದು ಗಲ್ಲಾದಲ್ಲಿ ಕುಳಿತವನು ಪಿಯುಸಿ ಮುಗಿಸಿ ಊರಿನಿಂದ ಬಂದ ಹೊಸ ಹುಡುಗ. ಯಾರೂ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಆದರೂ ಅವನ ಮುಖ ಬಾಡಿತು. ನಮ್ಮ ಅಜ್ಜ ಮಾತ್ರ, "4ಕ್ಕೆ 5 ಕೂಡಿಸಿದರೆ 9. ಅವನನ್ನು ಬಿಡಿ, ಮೊದಲು ಕಿರ್ದಿ ನೋಡಿ" ಎಂದರು.

ಅಂಕಿಗಳ ಮೊತ್ತ 9ರಿಂದ ಭಾಗವಾದರೆ ಸಂಖ್ಯೆಯೂ 9ರಿಂದ ಭಾಗವಾಗುತ್ತದೆ ಎಂಬುದು ಶಾಲೆಯ ಪಾಠ. ವ್ಯಾಪಾರಕ್ಕೆ ಬೇಕಾದದ್ದು ಅದರ ಮುಂದಿನ ಮಾತು. ಬರೆಯುವಾಗ ಎರಡು ಅಂಕಿ ಅದಲುಬದಲಾದರೆ ಬರುವ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. ನೂರರ ಸ್ಥಾನಕ್ಕೂ ಹತ್ತರ ಸ್ಥಾನಕ್ಕೂ 90ರ ಅಂತರ. 450ನ್ನು 90ರಿಂದ ಭಾಗಿಸಿದರೆ 5. ಹಾಗಾಗಿ ಆ ಎರಡು ಸ್ಥಾನಗಳ ಅಂಕಿಗಳಲ್ಲಿ 5ರ ವ್ಯತ್ಯಾಸವಿರುವ ಬಾಬುಗಳನ್ನೇ ಮೊದಲು ಹುಡುಕಿದೆವು. ಸಗಟು ವ್ಯಾಪಾರಿಗೆ ಕೊಟ್ಟ 1830 ರೂಪಾಯಿ ಕಿರ್ದಿಯಲ್ಲಿ 1380 ಆಗಿ ಕುಳಿತಿತ್ತು! ಬರೆದವರು ನಮ್ಮ ಹಳೆಯ ಗುಮಾಸ್ತರು. ಆಮೇಲೆ ಹುಡುಗನಿಗೆ ಚಹಾ ತರಿಸಿದವರೂ ಅವರೇ.

ಆದರೆ ಓದುಗರು ಇದನ್ನೇ ಪೂರ್ತಿ ನಂಬಿ ಕೂರಬಾರದು. ಬಾಯಿಗೆ ಬಂದ ಸಂಖ್ಯೆ ಹೇಳಿದರೂ ಸುಮಾರು ಒಂಬತ್ತರಲ್ಲಿ ಒಂದು 9ರಿಂದ ಭಾಗವಾಗುತ್ತದೆ. ಅಷ್ಟೇ ಹಣ ನಿಜವಾಗಿಯೂ ಕಳೆದುಹೋಗಿರಬಹುದು. ಎಲ್ಲಿಂದ ಹುಡುಕಬೇಕೆಂದು ಮಾತ್ರ ಇದರಿಂದ ತಿಳಿಯುತ್ತದೆ. ಈಗ ಲೆಕ್ಕ ಕಂಪ್ಯೂಟರಿಗೆ ಹೋಗಿದೆ, ಆದರೆ ಕೀಲಿ ಒತ್ತುವ ಬೆರಳುಗಳೂ ಅಂಕಿಗಳನ್ನು ಹಿಂದುಮುಂದು ಮಾಡುತ್ತವೆ.

ಅಂಕಿಗಳ ಮೊತ್ತದಲ್ಲಿ ಬರೀ ಆಟವೂ ಇದೆ. ನಾಸಿಕದ ಹತ್ತಿರ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ (1905–1986) ತನ್ನ ಅಂಕಿಗಳ ಮೊತ್ತದಿಂದಲೇ ಶೇಷವಿಲ್ಲದೆ ಭಾಗವಾಗುವ ಸಂಖ್ಯೆಯನ್ನು 'ಹರ್ಷದ' ಎಂದು ಕರೆದರು, ಅಂದರೆ ಹರ್ಷ ಕೊಡುವಂಥದ್ದು. ತೀರ್ಥಂಕರರ 24 ಹರ್ಷದ. 6ರಿಂದ ಭಾಗಿಸಿದರೆ 4. ಶಲಾಕಾಪುರುಷರ 63, ಜಪಮಾಲೆಯ 108 ಸಹ ಹಾಗೆಯೇ. ಇದಕ್ಕೆ ದೊಡ್ಡ ಅರ್ಥ ಹಚ್ಚಬೇಕಿಲ್ಲ, ಮಕ್ಕಳು ಭಾಗಾಕಾರ ಕಲಿಯುತ್ತಾರೆ. 2022ರಿಂದ 2025ರವರೆಗಿನ ನಾಲ್ಕು ವರ್ಷಗಳೂ ಸಾಲಾಗಿ ಹರ್ಷದ, 2026 ಅಲ್ಲ. 2027 ಕೂಡ ಅಲ್ಲ, ಇನ್ನು 2028ಕ್ಕೇ ಎಂದು ನಮ್ಮ ಮನೆಯ ಮಕ್ಕಳು ಬಿಲ್ ಪುಸ್ತಕದ ಹಿಂದೆ ಬರೆದಿಟ್ಟಿದ್ದಾರೆ.