ಮಾಸ್ತರರ ಮಾರುತಿ

ನರಗುಂದದ ಮಾಸ್ತರರೊಬ್ಬರು ಶಾಲೆಗೆ ಹೋಗಿಬರುವುದು ಇಂದಿಗೂ ಹಳೆಯ ಮಾರುತಿ 800ರಲ್ಲೇ. ಆ ಕಾರಿನ ತಯಾರಿಕೆ 2014ರಲ್ಲಿಯೇ ನಿಂತಿತು. ಬೇಸಿಗೆ ಬಂತೆಂದರೆ ಎರೆಹೊಲದ ಧೂಳು ಏರ್ ಫಿಲ್ಟರಿನಲ್ಲಿ ಕೂರುತ್ತದೆ. ಕಾರ್ಬ್ಯುರೇಟರಿಗೆ ಗಾಳಿ ಸಾಲದೆ ಪೆಟ್ರೋಲ್ ದಂಡ, ಪ್ಲಗ್ಗುಗಳಿಗೆ ಮಸಿ.

ಕಳೆದ ಬೇಸಿಗೆಯಲ್ಲಿ ಮಗಳ ಪರೀಕ್ಷೆಯ ದಿನವೇ ಗಾಡಿ ಮುನಿಸಿಕೊಂಡಿತು. ಆಕೆ ಬಸ್ಸು ಹಿಡಿದು ಹುಬ್ಬಳ್ಳಿಗೆ ಓಡಿದಳು. ಸಂಜೆ ಬಂದವಳೇ, "ಅಪ್ಪಾ, ಇದನ್ನ ಮಾರಿಬಿಡ್ರಿ" ಎಂದಳು.

"ಮಾರಿದ್ರ ಎಷ್ಟ್ ಬರ್ತೈತಿ? ಹೊಸಾದು ತಗೊಂಡ್ರ ನಿನ್ನ ಫೀಜು ಯಾರು ಕಟ್ಟಬೇಕು?"

ಮಗಳು ಮಾತಾಡಲಿಲ್ಲ. ಮರುದಿನ ಮೂರೂ ಪ್ಲಗ್ ಬಿಚ್ಚಿ ಮಸಿ ತಿಕ್ಕುವುದನ್ನು ಕಲಿತಳು. ಫಿಲ್ಟರ್ ಕಾಗದದ್ದು, ತೊಳೆಯುವಂತಿಲ್ಲ. ಕೊಡವಬೇಕು, ತೀರಾ ಕಪ್ಪಾದರೆ ಬದಲಿಸಬೇಕು. ಈಗ ಭಾನುವಾರದ ಆ ಕೆಲಸ ಅವಳದೇ. ಮಾಸ್ತರರು ಪಾನಾ ಹಿಡಿದು ಪಕ್ಕದಲ್ಲಿ ನಿಲ್ಲುತ್ತಾರೆ.